ಸೀಗೆಗುಡ್ಡದ ಮೂರು ಕವಲು

ಆಗ ನನಗೆ ಹತ್ತು ವರ್ಷ. ಈಗ ಅರವತ್ತೇಳು. ಐವತ್ತೇಳು ವರ್ಷದ ಹಿಂದೆ ಗುಡ್ಡ ಹತ್ತುವುದಕ್ಕೆ ಯಾರೂ ಬೂಟು ಕೊಳ್ಳುತ್ತಿರಲಿಲ್ಲ. ಕೆಲಸ ಇದ್ದವರು ಹತ್ತುತ್ತಿದ್ದರು, ಮುಗಿದ ಮೇಲೆ ಇಳಿಯುತ್ತಿದ್ದರು. ತುದಿಗೆ ಹೋಗಿ, ನಿಂತು ನೋಡಿ, ಬರಿಗೈಯಲ್ಲಿ ವಾಪಸ್ ಬರುವುದು ಅಂತ ಒಂದು ಇದೆ ಎಂದು ನಮಗೆ ಗೊತ್ತಿರಲಿಲ್ಲ. ಹಾಗೆ ಬಂದಿದ್ದರೆ ಅಜ್ಜಿ ಅನ್ನ ಹಾಕುತ್ತಿರಲಿಲ್ಲ.

ನಮ್ಮ ಮನೆ ಭದ್ರಾವತಿಯಲ್ಲಿ, ನ್ಯೂ ಟೌನಿನ ಹಿಂದಿನ ಒಂದು ಬೀದಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಕಾರ್ಖಾನೆಗೆ ಹೋಗುತ್ತಿದ್ದರು. ಸಂಕ್ರಾಂತಿ ಕಳೆದು ಕಾಡು ಒಣಗಲು ಶುರುವಾದರೆ ನಮ್ಮ ಬೀದಿಯ ಹೆಂಗಸರಿಗೆ ಸೀಗೆಕಾಯಿಯ ಕಾಲ. ಲಕ್ಕವಳ್ಳಿ ಕಡೆಯ ಮೊದಲ ಬಸ್ಸು ಹತ್ತಿ, ಕಾಡು ಶುರುವಾಗುವಲ್ಲಿ ಇಳಿದು, ಸಾಲು ಹಿಡಿದು ಗುಡ್ಡ ಏರುವುದು. ಗುಡ್ಡವೆಂದರೆ ಬಹಳ ಎತ್ತರದ್ದಲ್ಲ. ಆದರೆ ಒಂದರ ಬೆನ್ನಿಗೆ ಒಂದು ಇದ್ದವು, ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ನಾವು ಹೋಗುತ್ತಿದ್ದುದಕ್ಕೆ ಸೀಗೆಗುಡ್ಡ ಅಂತ ನಾವೇ ಹೆಸರಿಟ್ಟಿದ್ದೆವು.

ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಹುರುಳಿಕಾಳಿನ ಚಟ್ನಿ. ಮಧ್ಯಾಹ್ನ ಗಂಟು ಬಿಚ್ಚುವ ಹೊತ್ತಿಗೆ ರೊಟ್ಟಿಗೂ ಸೀಗೆಯ ವಾಸನೆ ಹತ್ತಿರುತ್ತಿತ್ತು. ದೋಟಿಯ ಉದ್ದ ಕೋಲಲ್ಲಿ ಬಡಿದರೆ ಒಣಕಾಯಿ ಉದುರುವ ಜೊತೆಗೆ ದೂಳು ಉದುರುತ್ತದೆ. ಒಬ್ಬಳು ಸೀನಿದರೆ ಹನ್ನೆರಡು ಜನವೂ ಸೀನುತ್ತಿದ್ದೆವು. ಮುಳ್ಳು ಕೊಕ್ಕೆಯ ಹಾಗೆ. ಸೆರಗು ಹಿಡಿದರೆ ಬಿಡುವುದಿಲ್ಲ, ಕೂದಲು ಹಿಡಿದರಂತೂ ಕೇಳಬೇಡಿ. ನಮ್ಮಂಥ ಮಕ್ಕಳಿಗೆ ಅಂಟುವಾಳದ ಬೀಜ ಆರಿಸಿ ಗೋಲಿ ಆಡುವುದು, ನೆಲ್ಲಿಕಾಯಿ ತಿಂದು ಹಳ್ಳದ ನೀರು ಕುಡಿದು ಸಿಹಿ ಸಿಹಿ ಎಂದು ಕುಣಿಯುವುದು. ನೀವೂ ಕುಣಿದಿರುತ್ತೀರಿ.

ಗುಡ್ಡದಲ್ಲಿ ಎರಡು ಕಟ್ಟಳೆ ಇದ್ದವು. ಒಂದು, ಯಾರನ್ನೂ ಹೆಸರು ಹಿಡಿದು ಕೂಗಬಾರದು. ಕಾಡಿನಲ್ಲಿ ಹೆಸರು ಹೇಳಿದರೆ ಕೇಳಬಾರದ್ದು ಕೇಳಿಸಿಕೊಂಡು ಹಿಂದೆ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಕರೆಯಬೇಕಾದರೆ ‘ಕೂ’ ಹಾಕಬೇಕು, ಅಷ್ಟೇ. ಎರಡನೆಯದು ಸೊಪ್ಪು. ಮೂರು ಜಾಗದಲ್ಲಿ ದಾರಿ ಎರಡಾಗಿ ಕವಲೊಡೆಯುತ್ತಿತ್ತು. ಎಲ್ಲಕ್ಕಿಂತ ಮುಂದೆ ಹೋಗುತ್ತಿದ್ದ ಅಜ್ಜಿ ಪ್ರತಿ ಕವಲಿನಲ್ಲಿ ಒಂದು ಹಸಿ ರೆಂಬೆ ಮುರಿದು, ಹೋಗಬಾರದ ದಾರಿಗೆ ಅಡ್ಡ ಹಾಕಿ, ಮೇಲೆ ಕಲ್ಲಿಡುತ್ತಿದ್ದಳು. ಹೋಗಬಾರದ್ದು ದನ ತುಳಿದು ಅಗಲವಾದ ದಾರಿ. ನಮ್ಮ ಸೀಗೆಮೆಳೆಗೆ ಹೋಗುವುದು ಇಲಿ ಹಾದಿಯಂಥದ್ದು. ಸಾಲಿನ ಕಡೆಯವಳು ಬಂದು ಆ ಸೊಪ್ಪು ತೆಗೆದು ಪೊದೆಗೆ ಎಸೆಯಬೇಕು. ಇಲ್ಲದಿದ್ದರೆ ಬೇರೆ ಬೀದಿಯ ಹೆಂಗಸರು ಅದೇ ಗುರುತು ಹಿಡಿದು ಬಂದು ನಮ್ಮ ಮೆಳೆ ಬರಿದು ಮಾಡುತ್ತಾರೆ.

ಯಾವಾಗಲೂ ಕಡೆಗೆ ಬರುತ್ತಿದ್ದ ಪಕ್ಕದ ಮನೆಯವಳಿಗೆ ಆವತ್ತು ಜ್ವರ.

“ಕಡೇಲಿ ನಾನು ಬರ್ತೀನಿ ಅಜ್ಜಿ” ಎಂದೆ.

“ನೀನಾ? ನೆಟ್ಟಗೆ ಜಡೆ ಹಾಕ್ಕೊಳ್ಳೋಕೆ ಬರಲ್ಲ, ಕಡೇಲಿ ಬರ್ತಾಳಂತೆ.”

ಅಮ್ಮ ಎಂದಳು, “ಬರ್ಲಿ ಬಿಡಿ ಅತ್ತೆ. ಅವಳ ಮುಂದೆ ರತ್ನ ಇರ್ತಾಳಲ್ಲ.”

“ಭೇಷಾಯ್ತು. ಒಂದು ಕಾಡು ಕಂಡಿಲ್ಲ, ಇನ್ನೊಂದು ಕಣ್ಣೇ ಬಿಟ್ಟಿಲ್ಲ.”

ರತ್ನ ಎಂದರೆ ನನ್ನ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಅಜ್ಜಂಪುರದ ಬಯಲು ಕಡೆಯ ಹುಡುಗಿ. ಅವಳ ಊರಲ್ಲಿ ನಿಂತರೆ ಮೂರು ಮೈಲಿ ಆಚೆ ಬರುವ ಗಾಡಿ ಕಾಣುತ್ತದಂತೆ. ಸಂಕ್ರಾಂತಿಗೆ ತವರಿಗೆ ಹೋಗಿ ಬರ್ತೀನಿ ಎಂದು ಕೇಳಿದ್ದಳು, ಅಜ್ಜಿ ಕಳಿಸಿರಲಿಲ್ಲ. ಹಿತ್ತಲಲ್ಲಿ ಅತ್ತಿದ್ದನ್ನು ಇಡೀ ಬೀದಿ ನೋಡಿತ್ತು. ರಾತ್ರಿ ನಾನು ಅವಳ ಹತ್ತಿರವೇ ಕಥೆ ಕೇಳಿ, ಊಟ ಮಾಡಿ, ಅಮ್ಮ ಬೈದ ಮೇಲೆ ಎದ್ದು ಬರುತ್ತಿದ್ದೆ.

ಗುಡ್ಡ ಹತ್ತಿದೆವು. ಮೊದಲ ಕವಲಿಗೆ ಮುಂಚೆ ದಾರಿಯಿಂದ ಸ್ವಲ್ಪ ಒಳಗೆ ಒಂದು ನೆಲ್ಲಿಮರ, ತುಂಬ ಕಾಯಿ. ನಾನು ನುಗ್ಗಿದೆ. ಲಂಗದ ಮಡಿಲು ತುಂಬಿಸಿಕೊಂಡು, ಬಂದ ದಾರಿಯಲ್ಲಿ ಬರದೆ ಅಡ್ಡ ಹಾಯ್ದು ಕವಲಿಗೇ ಬಂದು ಬಿದ್ದೆ. ಸಾಲು ಆಗಲೇ ಮುಂದೆ ಹೋಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ‘ಕೂ’ ಕೇಳಿಸಿತು. ಮತ್ತೊಂದು. ನಮ್ಮವರೆಲ್ಲ ಮುಂದಿದ್ದಾರೆ, ನಾನೇ ಕಡೆಯವಳು, ಅಂದಮೇಲೆ ಹಿಂದೆ ಬರುವವರು ಬೇರೆ ಬೀದಿಯವರೇ. ಸೊಪ್ಪು ಕಿತ್ತು ಪೊದೆಗೆಸೆದೆ, ಕಲ್ಲು ಉರುಳಿಸಿದೆ, ಓಡಿದೆ. ಎರಡನೇ ಕವಲಲ್ಲೂ ಹಾಗೆ. ಮೂರನೇ ಕವಲಲ್ಲೂ ಹಾಗೆ. ಮೆಳೆಯ ಹತ್ತಿರ ಬಂದಾಗ ಮೈಯೆಲ್ಲ ಬೆವರು. ದೊಡ್ಡ ಯುದ್ಧ ಗೆದ್ದವಳ ಹಾಗೆ ಅಜ್ಜಿಯ ಮುಂದೆ ನಿಂತೆ.

“ಎಲ್ಲಾ ತೆಗ್ದ್ಯಾ?”

“ತೆಗ್ದೆ.”

“ರತ್ನ ಎಲ್ಲಿ?”

ನಾನು ಸುತ್ತ ನೋಡಿದೆ. ಚಿಕ್ಕಮ್ಮ ಇರಲಿಲ್ಲ.

ಆಗಲೇ ಹೇಳಬಹುದಿತ್ತು. ಹಿಂದೆ ಯಾರೋ ಕೂ ಹಾಕಿದರು, ನಾನು ಓಗೊಡಲಿಲ್ಲ, ಗುರುತು ತೆಗೆದುಬಿಟ್ಟೆ ಎಂದು. ಹೇಳಲಿಲ್ಲ. ಬಾಯಲ್ಲಿ ನೆಲ್ಲಿಕಾಯಿ ಇತ್ತು, ಅದನ್ನೇ ಜಗಿಯುತ್ತ ನಿಂತೆ. “ಮುಂದೆ ಹೋದ್ಳು ಅಂದ್ಕೊಂಡೆ” ಎಂದೆ. ಅಜ್ಜಿ ನಾನು ಕಡೆಯವಳಾಗಿಯೇ ಬಂದೆ ಎಂದು ನಂಬಿದಳು. ಹಾಗಾದರೆ ಚಿಕ್ಕಮ್ಮ ಸೊಪ್ಪು ಕಂಡೂ ಅದನ್ನು ದಾಟಿ ಅಗಲ ದಾರಿ ಹಿಡಿದಿದ್ದಾಳೆ ಎಂದಾಯಿತು.

ದೋಟಿ ಕೆಳಗಿಟ್ಟು ಎಲ್ಲರೂ ಹುಡುಕಿದರು. ಆವತ್ತು ಸೀಗೆ ಬಡಿಯಲಿಲ್ಲ. ಕೂ ಹಾಕಿದರೆ ಗುಡ್ಡವೇ ತಿರುಗಿ ಕೂ ಅನ್ನುತ್ತಿತ್ತು. ಆ ಕಾಡಲ್ಲಿ ಕರಡಿ ಇದ್ದವು. ಅಮ್ಮ ಕೊನೆಗೆ ಕಟ್ಟಳೆ ಮರೆತು “ರತ್ನಾ” ಎಂದು ಕೂಗಿಬಿಟ್ಟಳು. ಅಜ್ಜಿ ಬೈಯಲಿಲ್ಲ. ಅಜ್ಜಿ ಬೈಯದೆ ಇದ್ದದ್ದು ನೋಡಿ ನನಗೆ ಕರಡಿಗಿಂತ ಹೆಚ್ಚು ಭಯವಾಯಿತು.

ದನದ ದಾರಿ ಹಿಡಿದು ಗುಡ್ಡದ ಆಚೆ ಬದಿ ಇಳಿದೆವು. ಅಲ್ಲಿ ತರೀಕೆರೆಗೆ ಹೋಗುವ ರಸ್ತೆ. ಬಸ್ಸು ನಿಲ್ಲುವ ಆಲದ ಮರದ ಕೆಳಗೆ ಚಿಕ್ಕಮ್ಮ ಕೂತಿದ್ದಳು. ಮೊಣಕೈವರೆಗೆ ಮುಳ್ಳು ಗೀರಿ ರಕ್ತ, ಮಡಿಲಲ್ಲಿ ಖಾಲಿ ಚೀಲ. ತರೀಕೆರೆಯಿಂದ ಆಚೆಗೆ ಅವಳ ತವರು.

“ಯಾವ ಬಸ್ಸಿಗೆ ಕಾಯ್ತಿದೀಯ?” ಅಜ್ಜಿ ಕೇಳಿದಳು.

“ದಾರಿ ತಪ್ಪೋಯ್ತು ಅತ್ತೆ.”

“ತಪ್ಪೋಕೆ ಏನಿತ್ತು? ಮೂರು ಕಡೆ ಸೊಪ್ಪು ಹಾಕಿದ್ದೆ. ಎಮ್ಮೆಗಾದ್ರೂ ಕಾಣ್ಸೋದು.”

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನಾನೇ ಗಮನಿಸ್ಲಿಲ್ಲ” ಎಂದಳು.

ಎರಡು ಬಸ್ಸು ಬದಲಿಸಿ ಸುತ್ತು ಬಳಸಿ ಮನೆ ಸೇರಿದೆವು. ಬಸ್ಸಿನಲ್ಲಿ ಹೆಂಗಸರು ಗುಸುಗುಸು ಅನ್ನುತ್ತಿದ್ದದ್ದು ಚಿಕ್ಕಮ್ಮನಿಗೂ ಕೇಳಿಸುತ್ತಿತ್ತು. ಮನೆಗೆ ಬಂದ ಕೂಡಲೆ ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು, “ನಾಳೆ ಇವಳನ್ನ ಅವಳಪ್ಪನ ಮನೆಗೆ ಬಿಟ್ಟು ಬಾ. ಇವತ್ತು ಗುಡ್ಡದಿಂದ ಓಡಿದೋಳು ನಾಳೆ ಬಾವಿ ಹಾರಿದ್ರೆ ನಾನು ಯಾರಿಗೆ ಜವಾಬು ಹೇಳ್ಲಿ?” ಚಿಕ್ಕಪ್ಪ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ನಿಲ್ಲುತ್ತಿದ್ದ, ಅಜ್ಜಿಯ ಮುಂದೆ ನಿಲ್ಲಲು ಬರುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮ ಹಿತ್ತಲಲ್ಲಿ ಕೂತು ನನ್ನ ಕಾಲಿನ ಗೀರುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಅವಳ ಕೈಗೆ ಯಾರೂ ಹಚ್ಚಿರಲಿಲ್ಲ.

“ಇನ್ನೊಂದ್ಸಲ ಸೊಪ್ಪು ತೆಗೆಯೋ ಮುಂಚೆ ಹಿಂದೆ ತಿರುಗಿ ನೋಡು ಮಾರಾಯ್ತಿ” ಎಂದಳು.

“ನಿಂಗೆ ಹೆಂಗೆ ಗೊತ್ತು?”

“ಮೊದಲ್ನೇ ಕವಲಲ್ಲೇ ದಾರಿ ತಿಳೀದೆ ನಿಂತಾಗ ಪೊದೆ ಮೇಲೆ ಹಸಿ ರೆಂಬೆ ಕಾಣ್ತು. ಕಲ್ಲು ಮಗುಚಿತ್ತು. ಪಕ್ಕದಲ್ಲಿ ಜಗಿದು ಉಗಿದ ನೆಲ್ಲಿಬೀಜ. ಗುರುತೇನೋ ಸಿಕ್ತು, ಯಾವ ದಾರಿಗೆ ಹಾಕಿದ್ರು ಅಂತ ಗೊತ್ತಾಗ್ಲಿಲ್ಲ. ಅಗಲ ಇದ್ದಿದ್ದೇ ಹಿಡಿದೆ.”

“ನೀನ್ಯಾಕೆ ಹಿಂದೆ ಉಳ್ಕೊಂಡೆ?”

“ಕವಲು ಮುಟ್ಟೋ ಮುಂಚೆ ತಿರುಗಿ ನೋಡಿದ್ರೆ ನೀನಿಲ್ಲ. ಹುಡುಕ್ಕೊಂಡು ವಾಪಸ್ ಹೋದೆ. ಹೆಸರು ಕೂಗ್ಬಾರ್ದು ಅಂದಿದ್ರಲ್ಲ, ಅದಕ್ಕೆ ಕೂ ಹಾಕ್ದೆ.”

“ಮತ್ತೆ ಅಜ್ಜಿಗ್ಯಾಕೆ ಹೇಳ್ಲಿಲ್ಲ?”

“ನಿನ್ನ ಚರ್ಮ ಸುಲೀತಿದ್ರು. ಆಮೇಲೆ ನೀನೂ ನನ್ನ ಹತ್ರ ಮಾತು ಬಿಟ್ಟಿದ್ರೆ, ಈ ಮನೇಲಿ ನಾನು ಗೋಡೆ ಹತ್ರ ಮಾತಾಡ್ಬೇಕಿತ್ತಾ?” ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ನಕ್ಕಳು. “ತರೀಕೆರೆ ಬಸ್ಸು ಬಂತು ಕಣೇ. ಹತ್ತಮ್ಮಾ ಅಂದ ಕಂಡಕ್ಟರು. ಖಾಲಿ ಚೀಲ ಹಿಡ್ಕೊಂಡು ತವರಿಗೆ ಹೋಗೋದಾ ಅಂತ ಕೂತ್ಕೊಂಡೆ.” ಆಮೇಲೆ ನಗು ಹೋಯಿತು. “ಈಗ ಹೋಗೋದು ಬೇರೆ. ಓಡಿದೋಳು ಅಂತ ಕಳಿಸ್ತಾರೆ. ನನ್ನ ತಂಗೀರಿಬ್ರಿಗೆ ಮದ್ವೆ ಆಗ್ಬೇಕು.”

ಈಗ ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಮಗಳ ಮನೆಯಲ್ಲಿ. ಭಾನುವಾರ ಬಂದರೆ ಮೊಮ್ಮಗಳು ಗೆಳತಿಯರ ಜೊತೆ ಗುಡ್ಡಕ್ಕೆ ಹೋಗುತ್ತಾಳೆ. ಟ್ರೆಕ್ಕಿಂಗು ಅನ್ನುತ್ತಾಳೆ. ಮುಂಚೆಯೇ ಹೆಸರು ಬರೆಸಬೇಕು, ಜೊತೆಗೆ ಗೈಡು, ಬಂಡೆಯ ಮೇಲೆ ಬಣ್ಣದ ಬಾಣ, ಫೋನಿನಲ್ಲಿ ನೀಲಿ ಗೆರೆ. ಒಳ್ಳೆಯದೇ. ಯಾರೂ ಕಳೆದುಹೋಗುವುದಿಲ್ಲ. ನಿಮ್ಮ ಗುಡ್ಡದ ದಾರಿ ಹೇಳಜ್ಜಿ, ಮ್ಯಾಪಿನಲ್ಲಿ ಹಾಕ್ತೀನಿ ಎಂದಳು. ಹೇಳಲು ದಾರಿ ಉಳಿದಿಲ್ಲ. ದನ ಮೇಯುವುದು ನಿಂತು ಅಗಲ ದಾರಿಯೂ ಮುಚ್ಚಿತು, ಸೀಗೆ ಬಡಿಯುವವರು ನಿಂತು ಸಣ್ಣ ದಾರಿಯೂ ಮುಚ್ಚಿತು. ನಾನೇ ಶಾಂಪೂ ಸ್ಯಾಷೆ ಹರಿದು ತಲೆಗೆ ಹಾಕಿಕೊಳ್ಳುತ್ತೇನೆ, ಇನ್ನೊಬ್ಬರಿಗೆ ಏನು ಹೇಳಲಿ.

ಮುಳ್ಳು, ಬಿಸಿಲು, ಅಜ್ಜಿಯ ಬಾಯಿ, ಇವು ಹೋಗಿದ್ದಕ್ಕೆ ನಾನು ಅಳುವುದಿಲ್ಲ. ಚಿಕ್ಕಮ್ಮ ತೀರಿಕೊಂಡು ಆರು ವರ್ಷವಾಯಿತು, ಭದ್ರಾವತಿಯ ಅದೇ ಮನೆಯಲ್ಲಿ, ಸೊಸೆಯಂದಿರ ಕೈಯಲ್ಲಿ ನೀರು ಕುಡಿದು. ಕಾಣಿಸಲಿಲ್ಲವೆಂದರೆ ವಾಪಸ್ ನಡೆದು ಬಂದು ಕೂ ಹಾಕುವವರು ನನಗೆ ಈಗ ಇಲ್ಲ. ಹೋದದ್ದು ಇಷ್ಟು. ಇದು ಸಣ್ಣದೂ ಅಲ್ಲ.

ಗುಡ್ಡದಿಂದ ಬಂದ ಮರುದಿನ ಬೆಳಿಗ್ಗೆ ಕಾರ್ಖಾನೆಯ ಸೈರನ್ ಆಗುವ ಮುಂಚೆ ಎದ್ದೆ. ಚಿಕ್ಕಮ್ಮನ ಟ್ರಂಕು ಜಗಲಿಗೆ ಬಂದಿತ್ತು. ಅಜ್ಜಿ ಆಗಲೇ ಬೀದಿ ನಲ್ಲಿಗೆ ಹೋಗಿದ್ದಳು. ಮನೆಯೊಳಗೆ ಹೇಳಿದರೆ ಮನೆಯೊಳಗೇ ಮುಚ್ಚಿಹೋಗುತ್ತದೆ, ಓಡಿಹೋದಳು ಎಂಬ ಮಾತು ಇರುವುದು ನಲ್ಲಿಯ ಹತ್ತಿರ ಎಂದು ನನಗೆ ತಿಳಿಯುತ್ತಿತ್ತು. ಚಿಕ್ಕ ಬಿಂದಿಗೆ ಎತ್ತಿಕೊಂಡು ಹೋದೆ. ಇಪ್ಪತ್ತು ಜನ ಸಾಲಲ್ಲಿದ್ದರು. ಎದುರು ಮನೆಯ ಸೆಲ್ವಿಯಕ್ಕ ತನ್ನ ತಮಿಳು ಬೆರೆತ ಕನ್ನಡದಲ್ಲಿ ಅಜ್ಜಿಯನ್ನು ಕೇಳುತ್ತಿದ್ದಳು, “ಏನಮ್ಮಾ, ನಿಮ್ ಸೊಸೆ ಬಸ್ ಹತ್ತೋಕೆ ಹೋಗಿಬಿಟ್ಟಿತ್ತಾಮೆ?”

ಬಿಂದಿಗೆ ಕೆಳಗಿಟ್ಟೆ.

“ಚಿಕ್ಕಮ್ಮ ಓಡಿಹೋಗ್ಲಿಲ್ಲ” ಎಂದೆ. “ನಾನು ನೆಲ್ಲಿಕಾಯಿಗೆ ಹೋಗಿದ್ದೆ. ನನ್ನ ಹುಡುಕೋಕೆ ಅವಳು ವಾಪಸ್ ಹೋದ್ಳು. ಕೂ ಹಾಕಿದ್ಳು, ನಾನು ಓಗೊಡ್ಲಿಲ್ಲ. ಅವಳು ಬರೋಕೆ ಮುಂಚೆ ಮೂರೂ ಕಡೆ ಸೊಪ್ಪು ತೆಗೆದುಬಿಟ್ಟೆ. ಕೇಳಿದಾಗ ಸುಳ್ಳು ಹೇಳಿದೆ.”

ಅಜ್ಜಿಯ ಕೈ ಬೀಸಿ ಬಂತು. ಕಿವಿ ಗುಂಯ್ ಎಂದಿತು. ಅವಳು ಸಾಲಿನ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದಳು.

“ಹಿಂದೆ ನಿಂತೋರಿಗೆ ಕೇಳಿಸಿಲ್ಲ” ಎಂದಳು. “ಇನ್ನೊಂದ್ಸಲ ಹೇಳು.”

ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ.