ಇಪ್ಪತ್ತೊಂದನೆಯ ಕೈ

ರಾಜಧಾನಿಯ ನಗರಸಭೆಯಲ್ಲಿ ಕೈ ಎಣಿಸುವ ಜವಾನನೊಬ್ಬನಿದ್ದ. ಸದಸ್ಯರಿಗೆ ನೀರು ಕೊಡುವುದೂ ಅವನೇ ಆದ್ದರಿಂದ ಎಲ್ಲರ ಬಾಯಲ್ಲಿ ಅವನು ನೀರಣ್ಣ. ಅಲ್ಲಿನ ಪದ್ಧತಿ ಏನೆಂದರೆ, ಒಪ್ಪಿದವರು ಕೈ ಎತ್ತಬೇಕು. ಎತ್ತದವರು ಒಪ್ಪಲಿಲ್ಲವೆಂದೇ ಲೆಕ್ಕ. ನೀರಣ್ಣ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅಲ್ಲಿಂದ ಮುಖ ಕಾಣದು, ಕುರ್ಚಿಗಳ ಮೇಲೆ ಕೈಗಳಷ್ಟೇ. ಎಣಿಸಿ, ಚೀಟಿಯಲ್ಲಿ ಬರೆದು, ಮೂರು ಮೆಟ್ಟಿಲು ಹತ್ತಿ ಅಧ್ಯಕ್ಷರಿಗೆ ಕೊಟ್ಟರೆ ಮುಗಿಯಿತು.

ಹೀಗಿರಲು ಒಂದು ಠರಾವು ಬಂತು. ಸಂಸತ್ ಭವನದ ರಸ್ತೆಯನ್ನು ಅಗಲ ಮಾಡಬೇಕು, ಅದಕ್ಕಾಗಿ ದರ್ಜಿಗಳ ಓಣಿಯನ್ನು ಕೆಡವಬೇಕು. ನೀರಣ್ಣನ ಅಕ್ಕ ಇದ್ದದ್ದು ಅದೇ ಓಣಿಯಲ್ಲಿ. ಅಂಗಿಗಳಿಗೆ ಗುಂಡಿ ಹೊಲಿದು ತಮ್ಮನನ್ನು ಸಾಕಿದವಳು. ಮುದಿ ಸದಸ್ಯರೊಬ್ಬರು ಠರಾವಿನ ವಿರುದ್ಧ ಒಂದು ಗಂಟೆ ಗುಡುಗಿ ಕೂತರು. ಆಮೇಲೆ ಕೈಗಳೆದ್ದವು. ನಲವತ್ತೊಂದು ಮಂದಿಯಲ್ಲಿ ಇಪ್ಪತ್ತೊಂದು. ಅಕ್ಕನ ಮನೆ ಹೋಯಿತೆಂದು ನೀರಣ್ಣನಿಗೆ ಗೊತ್ತಾಯಿತು. ಆದರೂ ಬರೆದು ಕೊಟ್ಟ.

ಮೆಟ್ಟಿಲಿಳಿದು ನೋಡಿದರೆ ಒಂದು ಕೈ ಇನ್ನೂ ಮೇಲೇ ಇದೆ. ಅದು ಆ ಮುದುಕರದು!

"ಎಷ್ಟೊತ್ತಿಂದ ಕೈ ಎತ್ತಿದೀನಿ ಮಾರಾಯ, ನಾಲಿಗೆ ಒಣಗಿಹೋಯ್ತು. ನೀರು ಕೊಡೋ!"

ಅಧ್ಯಕ್ಷರು ಇನ್ನೂ ಕನ್ನಡಕ ಹುಡುಕುತ್ತಿದ್ದರು. ಹಿಂದಕ್ಕೆ ಹೋಗಿ "ತಪ್ಪಾಯ್ತು ಸ್ವಾಮಿ" ಎನ್ನಲು ಮೂರೇ ಮೆಟ್ಟಿಲು. ಆದರೆ ಹೋದ ವಾರವಷ್ಟೇ ಎಣಿಕೆ ತಪ್ಪಿ, "ಏನಪ್ಪಾ, ನಿನ್ನ ಕೈನೂ ಸೇರಿಸ್ಕೊಂಡ್ಯಾ?" ಎಂದು ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತ್ತು. ಆ ನಗು ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ನೀರಣ್ಣ ತಲೆ ತಗ್ಗಿಸಿ ಲೋಟಕ್ಕೆ ನೀರು ಬಗ್ಗಿಸಿದ. ಅಧ್ಯಕ್ಷರು ಓದಿದರು. ಠರಾವು ಪಾಸಾಯಿತು. ತಮ್ಮವರಲ್ಲೇ ಯಾರೋ ಆಚೆ ವಾಲಿದರೆಂದು ಮುದುಕರು ಕೊನೆಯವರೆಗೂ ನಂಬಿದ್ದರು.

ಓಣಿ ಹೋಯಿತು. ಅಕ್ಕ ಹೊಲಿಗೆ ಯಂತ್ರವನ್ನೂ ಮನೆ ನಂಬರಿನ ತಗಡನ್ನೂ ಹೊತ್ತು ತಮ್ಮನ ಒಂದೂವರೆ ಕೋಣೆಗೆ ಬಂದಳು. ಬಂದವಳು ಸುಮ್ಮನಿದ್ದಳೇ? "ನನ್ನ ತಮ್ಮ ಸಭೇಲಿದಾನೆ ಕಣ್ರೀ. ಅವನ ಕೈಲಿದ್ದಿದ್ರೆ ನಮ್ಮ ಓಣಿ ಹೋಗಕ್ಕೆ ಬಿಡ್ತಿದ್ನಾ?" ಎಂದು ನೆರೆಯವರೆದುರು ಹೊಗಳಿದ್ದೇ ಹೊಗಳಿದ್ದು. ಒಳಗೆ ಕೂತ ನೀರಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಆರು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಗುಂಡಿ ಹಾಕುತ್ತಾ ಅಕ್ಕ ಕೇಳಿದಳು: "ಒಂದೇ ಕೈಯಿಂದ ಹೋಯ್ತಂತಲ್ಲೋ. ಯಾವ ಪಾಪಿದೋ ಅದು?"

"ಯಾರದ್ದೂ ಅಲ್ಲಕ್ಕ. ಎಣಿಸಿದೋನು ನಾನು," ಎಂದು ನೀರಣ್ಣ ಎಲ್ಲವನ್ನೂ ಹೇಳಿಬಿಟ್ಟ. ನೀರು, ನಗು, ಕನ್ನಡಕ, ಯಾವುದನ್ನೂ ಬಿಡಲಿಲ್ಲ.

ಅಕ್ಕ ಬೈಯಲಿಲ್ಲ, ಅಳಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಮೂರೇ ಮೆಟ್ಟಿಲು ಅಲ್ವೇನೋ?" ಎಂದಳು.

ಮರುದಿನವೂ ಅವನಿಗೆ ಬಿಸಿಬಿಸಿ ಬಡಿಸಿದಳು, ಅವನ ಸಮವಸ್ತ್ರದ ಸಡಿಲ ಗುಂಡಿಯನ್ನು ಬಿಗಿ ಮಾಡಿಕೊಟ್ಟಳು. ನೆರೆಯವರೆದುರು ಮಾತ್ರ ತಮ್ಮನ ಸುದ್ದಿಯನ್ನು ಮತ್ತೆಂದೂ ಎತ್ತಲಿಲ್ಲ.