ಹಡೆಯದ ಬಾಣಂತಿ

ಶ್ರಾವಣಿ, ಮಾಳೇಶ,

ನಿಮ್ಮ ಅವ್ವನಿಗೆ ಯಾವ ರೋಗವೂ ಇರಲಿಲ್ಲ. ಅದನ್ನೇ ಮೊದಲು ಬರೆಯುತ್ತೇನೆ, ಏಕೆಂದರೆ ನನಗೆ ತಿಳಿಯದೆ ಹೋದದ್ದು ಅದೇ. ಜ್ವರ ಬಂದವರನ್ನು ದವಾಖಾನೆಗೆ ಕರೆದುಕೊಂಡು ಹೋಗುವುದು ನನಗೆ ಗೊತ್ತು. ನೆಟ್ಟಗಿರುವ ಹೆಣ್ಣುಮಗಳು ತಾನಾಗಿ ಎದ್ದು ಹೋಗಿ ಹೊಟ್ಟೆ ಕೊಯ್ಯಿಸಿಕೊಂಡರೆ ಅವಳನ್ನು ಹೇಗೆ ನೋಡಿಕೊಳ್ಳಬೇಕು?

ನಮ್ಮ ಊರಲ್ಲಿ ಮುಂದೆ ಮಕ್ಕಳಾಗದಂತೆ ಮಾಡಿಸಿಕೊಳ್ಳುವ ಈ ಆಪರೇಷನ್ ಹೊಸದಲ್ಲ. ಆದರೆ ಹೆಚ್ಚಿನವರು ಹಡೆದ ಕೂಡಲೇ ಮಾಡಿಸಿಕೊಳ್ಳುತ್ತಾರೆ. ಬಾಣಂತನದಲ್ಲೇ ಅದೂ ಮುಗಿದುಹೋಗುತ್ತದೆ. ಮಾಳೇಶ ಹುಟ್ಟಿದಾಗ ನಿಮ್ಮ ಅವ್ವನಿಗೆ ಬಹಳ ರಕ್ತ ಹೋಯಿತು. ಮೈಯಲ್ಲಿ ರಕ್ತ ಕೂಡಲಿ, ಆಮೇಲೆ ಬನ್ನಿ ಎಂದಿದ್ದರು. ಮಾಳೇಶ ನಡೆಯಲು ಕಲಿತ ಮೇಲೆ ಒಂದು ಸಂಜೆ ನಿಮ್ಮವ್ವ ಸಾಬಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು:

"ಅತ್ತಿ, ಇನ್ನೊಂದ್ ಸರ್ತಿ ಹಡಿಯಾಕ ನನ್ನ ಕೈಲೆ ಆಗಂಗಿಲ್ಲ. ಆಪರೇಷನ್ ಮಾಡಿಸ್ಕೊಂತೀನಿ."

ಕುರಿಗಳ ಜೊತೆ ಹೊಳೆಯಾಚೆ ಇದ್ದ ನಿಮ್ಮಪ್ಪ ಫೋನಿನಲ್ಲಿ ಹೂಂ ಎಂದಿದ್ದನಂತೆ. ನಾನು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಹಡೆದ ಮಕ್ಕಳಲ್ಲಿ ಉಳಿದವನು ನಿಮ್ಮಪ್ಪ ಒಬ್ಬನೇ. ಎರಡೇ ಮಕ್ಕಳಿಗೆ ಬಾಗಿಲು ಹಾಕಿಬಿಡುವುದೆಂದರೆ ನನಗೆ ಭಯ. ಮಾಳೇಶನ ಹೆರಿಗೆಯಲ್ಲಿ ಬಟ್ಟೆಯ ಮೇಲೆ ಬಟ್ಟೆ ತೊಯ್ದದ್ದನ್ನೂ ಇದೇ ಕಣ್ಣಿನಿಂದ ನೋಡಿದ್ದೆ. ಯಾವ ಭಯ ದೊಡ್ಡದು?

ಆದರೂ ಅವಳ ಜೊತೆ ದವಾಖಾನೆಗೆ ನಾನೇ ಹೊರಟೆ.

ತೆಲಂಗಾಣ ಬೇರೆ ರಾಜ್ಯವಾದ ಹೊಸದು. ನಾರಾಯಣಪೇಟೆಗೆ ಹೋಗುವ ಬಸ್ಸಿನಲ್ಲಿ ಒಬ್ಬರು, ಇನ್ನು ನಾವೆಲ್ಲ ಬೇರೆ ರಾಜ್ಯದವರು ಎಂದು ಸಂತೋಷಪಡುತ್ತಿದ್ದರು. ನಾನು ಕಿಟಕಿಯಿಂದ ನೋಡಿದೆ. ಹೊಲ ಅವೇ, ಜಾಲಿಗಿಡ ಅವೇ. ಪಕ್ಕದಲ್ಲಿ ಕುಳಿತ ಸಾಬಮ್ಮನೂ ನಿನ್ನೆಯ ಸಾಬಮ್ಮನೇ. ಸಂಜೆಯ ಹೊತ್ತಿಗೆ ಇವಳೂ ಬೇರೆಯಾಗುವಳೇ ಎಂದು ಸುಮ್ಮನೆ ಯೋಚಿಸಿದೆ.

ದವಾಖಾನೆಯಲ್ಲಿ ಆಪರೇಷನ್ ಕೋಣೆಗೆ ಹೋಗುವ ಮೊದಲು ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಗಂಡ ಸತ್ತವಳ ಕೈಗೆ ತಾಳಿ! ಅವಳಿಗೆ ಅದೇನೂ ಅನ್ನಿಸಲಿಲ್ಲ. ನಾನು ಅದನ್ನು ಸೆರಗಿಗೆ ಗಂಟು ಹಾಕಿ, ಗಂಟನ್ನು ಮುಟ್ಟದೆ ಕುಳಿತೆ. ಹಸಿರು ಗೌನಿನಲ್ಲಿ ನಡೆದುಕೊಂಡು ಹೋದವಳನ್ನು ಸ್ಟ್ರೆಚರಿನ ಮೇಲೆ ತಂದರು. ಆಯಿತಮ್ಮ ಎಂದು ಡಾಕ್ಟರು ತೆಲುಗಿನಲ್ಲಿ ಹೇಳಿ ಮುಂದಕ್ಕೆ ಹೋದರು. ತಾಳಿಯನ್ನು ಸಿಸ್ಟರ್ ಕೈಯಿಂದ ಹಾಕಿಸಿದೆ.

ಡಿಸ್ಚಾರ್ಜ್ ಆಗುವಾಗ ಸಿಸ್ಟರ್ ಎಲ್ಲ ಹೇಳಿದರು. ಭಾರ ಎತ್ತಬಾರದು, ಹೊಲಿಗೆ ತೊಯ್ಯಬಾರದು, ಎಲ್ಲ ಉಣ್ಣಬೇಕು, ನೀರು ಚೆನ್ನಾಗಿ ಕುಡಿಯಬೇಕು. ನನಗೆ ತೆಲುಗು ಬರುತ್ತದೆ. ತಲೆಯಾಡಿಸಿದೆ.

ಮನೆಗೆ ಬಂದರೆ ಗದ್ವಾಲದಿಂದ ಸಾಬಮ್ಮನ ತಾಯಿ ದೇವಮ್ಮ ಬಂದು ಕುಳಿತಿದ್ದರು. ಚೀಲದಲ್ಲಿ ಒಣಕೊಬ್ಬರಿ, ಉತ್ತತ್ತಿ, ಅಂಟು, ಅಜವಾನ, ಹೊಟ್ಟೆಗೆ ಕಟ್ಟುವ ಹಳೆಯ ಸೀರೆ. ಬೀಗತಿಯರು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬಾಣಂತಿಗೆ ಒಂದು ಪದ್ಧತಿ ಇದೆ, ರೋಗಿಗೆ ಒಂದು ಇದೆ. ಎರಡೂ ಅಲ್ಲದವಳಿಗೆ ಏನು ಮಾಡುವುದು? ಗೊತ್ತಿದ್ದ ಪದ್ಧತಿಯನ್ನೇ ಹಿಡಿದುಕೊಂಡೆವು. ಹೊಲಿಗೆಗಿಂತ ಸ್ವಲ್ಪ ಮೇಲೆ ಹೊಟ್ಟೆ ಕಟ್ಟಿದೆವು. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿ ಅಜವಾನದ ಹೊಗೆ ಹಾಕಿದೆವು. ನೀರು ಮಾತ್ರ ಬಾಣಂತಿಗೆ ಕೊಡುವಷ್ಟೇ. ಊಟವಾದ ಮೇಲೆ ಕುದಿಸಿ ಆರಿಸಿದ್ದು ಎರಡು ಗುಟುಕು.

"ನೀರ್ ಕುಡದ್ರ ಹೊಲಿಗಿ ಹಣ್ಣಾಗಿ ಕೀವಾಗ್ತಾವ ಬೀಗತಿ," ಎಂದರು ದೇವಮ್ಮ.

ಸಿಸ್ಟರ್ ಮಾತು ನನಗೆ ನೆನಪಿತ್ತು. ಅವರು ಎಲ್ಲರಿಗೂ ಹೇಳುವುದನ್ನೇ ಹೇಳಿದ್ದಾರೆ, ನಮ್ಮ ಮನೆಯ ಬಾಣಂತನ ಅವರಿಗೇನು ಗೊತ್ತು ಎಂದುಕೊಂಡೆ.

ಸಾಬಮ್ಮ ಹೊಗೆಯಲ್ಲಿ ಕೆಮ್ಮುತ್ತ ನಕ್ಕಳು. "ಎವ್ವಾ, ಕೂಸು ಎಲ್ಲಿಟ್ಟೀರಿ? ತೋರಸ್ರಿ, ಹಾಲ ಕುಡಸ್ತೀನಿ."

ದೇವಮ್ಮನಿಗೂ ನಗು ತಡೆಯಲಾಗಲಿಲ್ಲ. ಮಾಳೇಶ, ನೀನೇ ಆ ಕೂಸು ಎಂದುಕೊಂಡು ಓಡಿ ಬಂದು ಅವಳ ಹೊಟ್ಟೆಯ ಮೇಲೆ ಹತ್ತಲು ನೋಡಿದೆ. ನಾನು ಎಳೆದುಕೊಂಡರೆ ಊರಿಗೆಲ್ಲ ಕೇಳುವಂತೆ ನೀನು ಅತ್ತೆ.

ನಮ್ಮ ಮನೆದೇವರು ಬೀರಪ್ಪನ ಪೂಜಾರಿಯನ್ನೂ ಕೇಳಿಬಂದೆ, ಪುರುಡಿನ ಮೈಲಿಗೆ ಯಾವಾಗ ಕಳೆಯುತ್ತದೆ, ದೇವರ ಮೂಲೆಗೆ ಸೊಸೆ ಯಾವಾಗ ಬರಬಹುದು ಎಂದು. ಅವನು ಎಲೆ ಅಡಿಕೆ ಅಗಿಯುತ್ತ, ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ, ನಾನೇನು ಲೆಕ್ಕ ಹೇಳಲಿ, ಡಾಕ್ಟರನ್ನು ಕೇಳು ಎಂದ.

ಆಮೇಲೆ ಸಾಬಮ್ಮನ ನಗು ನಿಂತಿತು. ತುಟಿ ಒಡೆದವು. ಎದ್ದು ಹೊರಗೆ ಹೋಗಿ ಬಂದಾಗಲೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಒಂದಕ್ಕೆ ಹೋದರೆ ಉರಿ ಎಂದು ಹೇಳಲು ಅವಳಿಗೆ ನಾಚಿಕೆ, ಕೇಳಲು ನನಗೆ ನಾಚಿಕೆ. ಒಂದು ಬೆಳಿಗ್ಗೆ ಮುಟ್ಟಿದರೆ ಮೈ ಕಾದ ಹೆಂಚು. ಕಣ್ಣು ಮುಚ್ಚಿಕೊಂಡೇ ಕುರಿಗಳನ್ನು ಕರೆಯುತ್ತಿದ್ದಳು.

ಎರಡೇ ಮಕ್ಕಳಿಗೆ ಬಾಗಿಲು ಹಾಕಿದ್ದಕ್ಕೆ ಮನೆಯ ಸೊಸೆಯೇ ಹೋಗುತ್ತಾಳೆಯೇ?

ಆಟೋದಲ್ಲಿ ಮಕ್ತಲಿನ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಒಳಗೆ ಏನೋ ಕೊಯ್ಯಬಾರದ್ದನ್ನು ಕೊಯ್ದಿದ್ದಾರೆ ಎಂದು ದೇವಮ್ಮ ಅಳುತ್ತಿದ್ದರು. ನಾನೂ ಹಾಗೇ ನಂಬಿದೆ. ಡಾಕ್ಟರಮ್ಮ ಹೊಲಿಗೆ ನೋಡಿದರು, ಚೆನ್ನಾಗಿವೆ ಎಂದರು. ಯೂರಿನ್ ಟೆಸ್ಟ್ ಮಾಡಿಸಿದರು. ಇನ್ಫೆಕ್ಷನ್ ಎಂದು ಸಲೈನ್ ಹಚ್ಚಿಸಿದರು. ಅಲ್ಲಿನ ನರ್ಸ್ ರಾಯಚೂರು ಕಡೆಯ ಹಿರಿಯ ಹೆಂಗಸು. ನೀರು ಎಷ್ಟು ಕುಡಿಯುತ್ತಿದ್ದಳು ಎಂದು ಕೇಳಿದರು. ನಾವು ಹೇಳಿದೆವು.

"ಎಮ್ಮಾ, ಈಕಿ ಹಡದಿಲ್ಲ. ಹಡಿಯೂದು ಬಂದ್ ಮಾಡ್ಕೊಂಡಾಳ. ನೀವು ನೀರ್ ಯಾಕ ಬಂದ್ ಮಾಡೀರಿ?" ಎಂದರು. ಸ್ವಲ್ಪ ತಡೆದು, "ಹಡದಾಕಿಗೂ ನೀರ್ ಕೊಡಬೇಕ್ರಿ," ಎಂದರು.

ದೇವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ನರ್ಸ್ ಬೈಯಲಿಲ್ಲ. ಲೋಟ ತುಂಬಿ ನನ್ನ ಕೈಗೇ ಕೊಟ್ಟರು. ಸಾಬಮ್ಮನ ತಲೆ ಎತ್ತಿ ಕುಡಿಸಿದೆ. ಅವಳ ಗಂಟಲಲ್ಲಿ ನೀರು ಇಳಿಯುವ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಎಲ್ಲ ಬಾಣಂತನಗಳೂ ಆಗ ನೆನಪಾದವು. ರಾತ್ರಿ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅದೂ ಹಡೆಯುವುದರ ನೋವೇ ಇರಬೇಕು ಎಂದುಕೊಂಡಿದ್ದೆ.

ಜ್ವರ ನಿಧಾನವಾಗಿ ಇಳಿಯಿತು. ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಬಗ್ಗಿದರೆ ಈಗಲೂ ಚಳಕು ಹೊಡೆಯುತ್ತದೆ ಎನ್ನುತ್ತಾಳೆ. ಕೊಡ ನಾನೇ ತರುತ್ತೇನೆ. ಸೋಮವಾರ ಅವಳನ್ನು ದೇವರ ಮೂಲೆಗೆ ಕರೆದೆ. ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡಳು. ಮಾಳೇಶನನ್ನು ಎತ್ತಿಕೊಳ್ಳಲು ಬಗ್ಗಿದವಳು, ನೆನಪಾಗಿ, ಕುಳಿತು ತೊಡೆಗೆ ಎಳೆದುಕೊಂಡಳು.

ಅವಳು ಮಾಡಿದ್ದು ಸರಿಯೋ ಎಂದು ನೀವು ಕೇಳಿದರೆ ನನಗೆ ಇನ್ನೂ ತಿಳಿಯದು. ನೀವು ಮಲಗಿದ ಮೇಲೆ ಇಬ್ಬರ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತೇನೆ. ಆಮೇಲೆ ಒಲೆಯ ಮುಂದೆ ಕುಳಿತ ಅವಳನ್ನು ನೋಡುತ್ತೇನೆ. ಇದ್ದಾಳೆ. ಸದ್ಯಕ್ಕೆ ನನಗೆ ಅಷ್ಟು ಸಾಕು.

ನೀವು ಮುಂದೆ ತೆಲುಗು ಶಾಲೆಗೆ ಹೋಗುವವರು. ಇದನ್ನು ಓದಲು ಬಾರದಿದ್ದರೆ ಯಾರಾದರೂ ಹೆಣ್ಣುಮಕ್ಕಳ ಕೈಯಿಂದ ಓದಿಸಿ, ಗಂಡಸರು ಓದಿದರೆ ನನಗೆ ನಾಚಿಕೆಯಾಗುತ್ತದೆ. ಆದರೆ ಮಾಳೇಶ, ನೀನೂ ಕುಳಿತು ಕೇಳು. ನಿನಗೂ ಹೆಂಡತಿ ಬರುತ್ತಾಳೆ. ಹಾಳೆಗಳನ್ನು ನಿಮ್ಮ ತಾತನ ಕಂಬಳಿಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಕಂಬಳಿಯನ್ನು ಬಿಸಿಲಿಗೆ ಹಾಕಿದಾಗ ಇವನ್ನೂ ಹಾಕಿ, ಹುಳ ಹಿಡಿಯದಿರಲಿ. ಇವಕ್ಕೆ ಮಾತ್ರ ನೀರು ತಾಕಿಸಬೇಡಿ.