ಬಿಡುಗಡೆಗೆ ಹೊಡೆಯದ ತಮಟೆ

ರೋಹಿಣಿ ಮಳೆ ಹುಟ್ಟಿದ ಮೂರನೇ ದಿನ, ಬೆಳಗಿನ ಐದೂವರೆ. ಪಾವಗಡ ತಾಲ್ಲೂಕಿನಲ್ಲಿ ತಿರುಮಣಿಗೆ ಹೋಗುವ ದಾರಿಯ ಸೂರಮ್ಮನಹಟ್ಟಿ. ಅರಳಿಕಟ್ಟೆಯ ಪಕ್ಕ ಒಂದು ಬೊಗಸೆ ಕಡಲೆಕಾಯಿ ಹೊಟ್ಟು ಉರಿಯುತ್ತಿದೆ. ಸಣ್ಣರಂಗಯ್ಯ ಕುಕ್ಕರಗಾಲಲ್ಲಿ ಕೂತು ತಮಟೆಯನ್ನು ಆ ಬಿಸಿಗೆ ಹಿಡಿದು ತಿರುಗಿಸುತ್ತಿದ್ದಾರೆ. ರಾತ್ರಿ ತುಂತುರು ಬಿದ್ದು ಚರ್ಮ ತೇವ ಕುಡಿದಿದೆ. ಬೆರಳಲ್ಲಿ ತಟ್ಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಮತ್ತೆ ಬೆಂಕಿಗೆ ಹಿಡಿಯುತ್ತಾರೆ.

"ಇನ್ನೂ ನಿದ್ದೆಗಣ್ಣಲ್ಲೇ ಐತೆ. ಇಂಥದ್ರಲ್ಲಿ ಸರ್ಕಾರದ ಮಾತು ಹೇಳಿದ್ರೆ ಯಾರು ನಂಬ್ತಾರೆ?" ಎಂದು ನಗುತ್ತಾರೆ.

ಅವರು ಗ್ರಾಮ ಸಹಾಯಕರು. ಹಿಂದೆ ತೋಟಿ ಅನ್ನುತ್ತಿದ್ದರು. ನೋಟೀಸು ಅಂಟಿಸುವುದು, ಸರ್ವೆಯವರಿಗೆ ಕಲ್ಲು ತೋರಿಸುವುದು, ಕಚೇರಿಯ ಕಾಗದ ಹೊತ್ತು ಮೂರು ಹಳ್ಳಿ ಸುತ್ತುವುದು ಅವರ ಕೆಲಸ. ಸೈಕಲ್ಲಿನಲ್ಲಿ ದಿನಕ್ಕೆ ಹನ್ನೊಂದು ಕಿಲೋಮೀಟರ್. ತಂದೆಯ ಜಾಗಕ್ಕೆ ಇಪ್ಪತ್ತನೇ ವಯಸ್ಸಿಗೆ ಬಂದವರು, ಈ ಜೂನ್ ಕೊನೆಗೆ ಅರವತ್ತು ತುಂಬಿ ಕೆಲಸ ಬಿಡುತ್ತಾರೆ. ಈಗ ಊರಿನ ಸುದ್ದಿಯೆಲ್ಲ ಮೊಬೈಲಿನಲ್ಲೇ ಓಡಾಡುತ್ತದೆ. ಆದರೂ ಸರ್ಕಾರದ ಬಾಕಿಗೆ ಜಮೀನು ಜಪ್ತಿಯಾದರೆ ಈ ಕಡೆ ಇನ್ನೂ ಟಾಂ ಟಾಂ ಹೊಡೆಸುತ್ತಾರೆ. ಅದಕ್ಕೆ ಸಣ್ಣರಂಗಯ್ಯನವರೇ ಬರಬೇಕು. ಸಾವಿಗೆ, ದೇವರ ಮೆರವಣಿಗೆಗೆ ತಮಟೆ ಹಿಡಿಯುವುದನ್ನು ಅವರು ಎಂದೋ ಬಿಟ್ಟಿದ್ದಾರೆ. ಮಧುಗಿರಿಯಲ್ಲಿ ಟೀಚರಾಗಿರುವ ಮಗಳು ಸಂಘಮಿತ್ರಾ ಹಟ ಹಿಡಿದು ಬಿಡಿಸಿದ್ದು. ಕಚೇರಿಯದು ಮಾತ್ರ ಉಳಿದಿದೆ.

ತಮಟೆ ಕಾಯ್ದು ಕಣ್ ಅಂದಿತು. ಸಣ್ಣರಂಗಯ್ಯ ಎದ್ದು ಮೂರು ಪೆಟ್ಟು ಹಾಕಿ ಸಾರಿದರು. "ಕೇಳ್ರಪ್ಪೋ ಕೇಳ್ರಿ. ಸರ್ವೆ ನಂಬರ್ ನಲವತ್ತೊಂದು, ಎರಡು ಎಕರೆ ಹತ್ತು ಗುಂಟೆ, ಕಲ್ಲುಕ್ವಾರಿ ಬಾಕಿಗೆ ಜಪ್ತಿ ಆಗೈತೆ. ಯಾರೂ ಕೊಳ್ಳಂಗಿಲ್ಲ, ಯಾರೂ ಬರೆಸ್ಕಳಂಗಿಲ್ಲ."

ಎದುರು ಮನೆಯ ಜಗದಾಂಬ ಪೊರಕೆ ಹಿಡಿದೇ ಬಾಗಿಲಿಗೆ ಬಂದರು. ಅರವತ್ತೆರಡರ ಹೆಂಗಸು, ಗಂಡ ತೀರಿಕೊಂಡು ಎಂಟು ವರ್ಷ.

"ಏನ್ ರಂಗಯ್ಯ, ಜಪ್ತಿ ಹಾಕಕ್ಕೆ ಮಾತ್ರ ಬತ್ತೀಯ. ನಮ್ ಹೊಲದ್ದು ತೆಗೆಯಕ್ಕೆ ಯಾವಾಗ ಬತ್ತೀಯ?"

"ನಿಮ್ದು ಯಾವತ್ತೋ ಹೋಯ್ತಲ್ಲ ಅಮ್ಮಾವ್ರೆ."

"ಹೋಗಿದ್ರೆ ಹೊಲ ಗುತ್ತಿಗೆಗೆ ತಗಳೋ ಸೋಲಾರ್ನೋರು ಯಾಕ್ ನನ್ನ ವಾಪಸ್ ಕಳಿಸ್ತಿದ್ರು? ಪಹಣೀಲಿ ನಮ್ ಮಾವ್ನೋರ ಜಪ್ತಿ ಹಂಗೇ ಕೂತದೆ ಅಂತಾರೆ. ಬರೋ ತಿಂಗಳ ಕೊನೇಗೆ ಅವರ ಪಟ್ಟಿ ಮುಚ್ತದಂತೆ. ಕ್ಲೀನ್ ಪಹಣಿ ತಂದ್ರೆ ನಾಕ್ ಎಕರೆಗೂ ಗುತ್ತಿಗೆ, ಇಲ್ದಿದ್ರೆ ಇಲ್ಲ."

ಸಣ್ಣರಂಗಯ್ಯನವರ ಕೈಯ ಕೋಲು ಅಲ್ಲೇ ನಿಂತಿತು. ಆ ಜಪ್ತಿಯನ್ನು ಸಾರಿದವರೂ ಅವರೇ.

ಜಪ್ತಿ ಅಂದರೆ ಯಾರೂ ಬಂದು ಜಮೀನು ಹೊತ್ತುಕೊಂಡು ಹೋಗುವುದಿಲ್ಲ. ಉಳುವವರು ಉಳುತ್ತಲೇ ಇರುತ್ತಾರೆ. ತೆರಿಗೆ ಕಟ್ಟದಿದ್ದರೆ ಮೊದಲು ನೋಟೀಸು. ಅದಕ್ಕೂ ಜಗ್ಗದಿದ್ದರೆ ಜಪ್ತಿ ಆದೇಶ. ಸಹಾಯಕ ಊರಲ್ಲೊಮ್ಮೆ, ಹೊಲದ ಬದುವಿನ ಮೇಲೊಮ್ಮೆ ತಮಟೆ ಹೊಡೆದು ಸಾರಿ, ಕೇಳಿಸಿಕೊಂಡ ಐದು ಜನರ ರುಜು ಹಾಕಿಸಿ ಮಹಜರು ತರುತ್ತಾನೆ. ಆಮೇಲೆ ಪಹಣಿಯಲ್ಲಿ ಋಣಗಳನ್ನು ಬರೆಯುವ ಕಾಲಂನಲ್ಲಿ ಒಂದು ಸಾಲು ಬೀಳುತ್ತದೆ. ಆ ಸಾಲು ಇರುವ ತನಕ ಆ ಜಮೀನನ್ನು ಕೊಳ್ಳಲಿಕ್ಕಾಗಲಿ ಗುತ್ತಿಗೆಗೆ ಹಿಡಿಯಲಿಕ್ಕಾಗಲಿ ಯಾರೂ ಮುಂದೆ ಬರುವುದಿಲ್ಲ. ಬಾಕಿ ಕಟ್ಟಿದರೆ ಬಿಡುಗಡೆ, ಅದನ್ನೂ ಹೀಗೇ ತಮಟೆ ಹೊಡೆದು ಸಾರಬೇಕು; ಕಟ್ಟದಿದ್ದರೆ ಹರಾಜು. ನಲವತ್ತು ವರ್ಷದಲ್ಲಿ ಸಣ್ಣರಂಗಯ್ಯ ಇಂಥವು ಇಪ್ಪತ್ತಮೂರು ಸಾರಿದ್ದಾರೆ. ಹರಾಜಾಗಿದ್ದು ಎರಡೇ.

ಜಗದಾಂಬರ ಮಾವ ಶಂಕರಲಿಂಗಪ್ಪನವರು ಒಬ್ಬ ಕಡಲೆಕಾಯಿ ಮಿಲ್ಲಿನವನ ಮಾರಾಟ ತೆರಿಗೆಗೆ ಜಾಮೀನು ನಿಂತಿದ್ದರು. ಮಿಲ್ಲಿನವನು ತೆರಿಗೆ ಉಳಿಸಿಕೊಂಡ. ತೊಂಬತ್ತೆರಡರ ಬೇಸಿಗೆಯಲ್ಲಿ ಜಾಮೀನುದಾರರ ಹೊಲ ಜಪ್ತಿಯಾಯಿತು. ಅವತ್ತು ಸಣ್ಣರಂಗಯ್ಯ ತಮಟೆ ಹೊಡೆದದ್ದು ಇದೇ ಮನೆಯ ಮುಂದೆ. ಒಳಗೆ ಶಂಕರಲಿಂಗಪ್ಪನವರ ಮಗಳನ್ನು ನೋಡಲು ಶಿರಾದಿಂದ ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆ ಕೆಳಗಿಟ್ಟು ಎದ್ದು ಹೋದರು. ಎರಡು ವರ್ಷದ ಮೇಲೆ ಮಿಲ್ಲಿನವನು ಬಾಕಿ ಕಟ್ಟಿದ, ಬಿಡುಗಡೆಯ ಕಾಗದವೂ ಬಂತು. ಇಷ್ಟು ಊರಿಗೆಲ್ಲ ಗೊತ್ತು. ಹಾಗಿದ್ದ ಮೇಲೆ ಆ ಸಾಲು ಇನ್ನೂ ಯಾಕೆ ಇದೆ?

ಮುಂದಿನ ಹತ್ತು ದಿನ ಸಣ್ಣರಂಗಯ್ಯ ಇದೊಂದನ್ನೇ ಕೇಳಿಕೊಂಡು ತಿರುಗಿದರು. ಜಪ್ತಿಗೆ ವಾಯಿದೆ ಅಂತ ಇಲ್ಲವೇ? ಅದು ಯಾವಾಗ ಸಾಯುತ್ತದೆ? ಟೀ ಅಂಗಡಿಯ ಚನ್ನಮಲ್ಲಯ್ಯ, "ಹನ್ನೆರಡು ವರ್ಷ ಕಣ್ಲಾ, ಆಮೇಲೆ ತಾನೇ ಬಿದ್ದೋಯ್ತದೆ" ಎಂದು ಖಂಡಿತವಾಗಿ ಹೇಳಿದ. ಹಾಗಾದರೆ ಇದು ಯಾಕೆ ಬೀಳಲಿಲ್ಲ ಅಂದರೆ, "ನಿನ್ ತಮಟೆ ಪೆಟ್ಟು ಜೋರಾಗಿ ಬಿದ್ದಿರ್ಬೇಕು" ಅಂದ. ಪಾವಗಡದ ಕೋರ್ಟಿನ ಹತ್ತಿರ ಲಾಯರೊಬ್ಬರು ಮಾತ್ರ ಕೂರಿಸಿಕೊಂಡು ಬಿಡಿಸಿ ಹೇಳಿದರು. "ವಸೂಲಿ ಮಾಡೋ ಅಧಿಕಾರಕ್ಕೆ ಒಂದೊಂದು ಕಾಯಿದೇಲಿ ಒಂದೊಂದು ಅವಧಿ ಇರುತ್ತೆ, ಕೆಲವಕ್ಕೆ ಇಲ್ವೇ ಇಲ್ಲ. ಬಾಕಿ ತೀರಿದ ದಿನ ಜಪ್ತಿಗೆ ಜೀವ ಇರಲ್ಲ. ಆದರೆ ಪಹಣೀಲಿ ಬರೆದ ಸಾಲು ವಯಸ್ಸಾಯ್ತು ಅಂತ ತಾನಾಗಿ ಉದುರಲ್ಲ ರಂಗಯ್ಯ. ಬರೆದೋರೇ ಅಳಿಸ್ಬೇಕು."

ಹಳ್ಳಿಯ ಗ್ರಾಮ ಆಡಳಿತ ಅಧಿಕಾರಿ ಭುವನಾ ಈ ಕೆಲಸಕ್ಕೆ ಬಂದು ಮೂರು ವರ್ಷವಾಗಿದೆ. ಜಗದಾಂಬ ಕೊಟ್ಟ ಅರ್ಜಿಯ ಫೈಲನ್ನು ಅವರು ಸಣ್ಣರಂಗಯ್ಯನವರ ಮುಂದೆ ಬಿಚ್ಚಿದರು.

"ಬಾಕಿ ಇಲ್ಲ ಅಂತ ತೆರಿಗೆಯವರ ಪತ್ರ ಬಂದಿದೆ. ತೊಂಬತ್ನಾಲ್ಕರಲ್ಲೇ ಬಿಡುಗಡೆ ಆದೇಶ ಕಳಿಸಿದ್ವಿ ಅಂತಾರೆ. ಆದರೆ ಅದು ಇಲ್ಲಿಗೆ ಬಂದು ಏನಾಯ್ತು ಅಂತ ಒಂದು ಚೂರೂ ಇಲ್ಲ. ಟಾಂ ಟಾಂ ಹೊಡೆದಿದ್ರೆ ಮಹಜರು ಇರಬೇಕಿತ್ತು. ಮಹಜರು ಇಲ್ಲ ಅಂತಲೇ ಆಗಿನವರು ಸಾಲು ತೆಗೆದಿಲ್ಲ. ಕಂಪ್ಯೂಟರ್ ಬಂದಾಗ ಇದ್ದದ್ದನ್ನ ಇದ್ದಂಗೇ ಏರಿಸಿದ್ದಾರೆ. ಆದೇಶ ಬಂದಿತ್ತು ಅಂತ ಹೇಳಿಕೆ ಕೊಡೋರು ಯಾರಾದ್ರೂ ಉಳಿದಿದ್ದಾರಾ ರಂಗಯ್ಯನವ್ರೆ?"

"ಸೋಮವಾರ ಬತ್ತೀನಿ ಮೇಡಂ" ಎಂದು ಸಣ್ಣರಂಗಯ್ಯ ಎದ್ದರು.

ತೊಂಬತ್ನಾಲ್ಕರಲ್ಲಿ ಆ ಆದೇಶ ಹಿಡಿದು ಹೋದವರು ಅವರೇ. ತಮಟೆಯನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಶಂಕರಲಿಂಗಪ್ಪನವರು ಜಗುಲಿಯಿಂದ ಇಳಿದು ಬಂದು ತಮಟೆಯ ಮೇಲೆ ಅಂಗೈ ಇಟ್ಟರು. ಯಾವತ್ತೂ ಮುಟ್ಟಿದವರಲ್ಲ. "ಇನ್ನೊಂದ್ ಸಲ ನಮ್ ಮನೆ ಮುಂದೆ ಇದು ಬ್ಯಾಡ ಕಣೋ ರಂಗ. ಬಿಡುಗಡೆ ಅಂತ ಯಾರು ಕೇಳಿಸ್ಕೊಂತಾರೆ? ಸದ್ದು ಕೇಳಿದ್ರೆ ಹರಾಜು ಅಂತ್ಲೇ ಅಂದ್ಕಂತಾರೆ. ಕಾಗ್ದ ಕೊಟ್ಟು ಹೋಗು" ಎಂದರು. ಸಣ್ಣರಂಗಯ್ಯ ಕಾಗದ ಕೊಟ್ಟು ಬಂದರು. ಸದ್ದಿಲ್ಲ, ಸೇರುವ ಜನವಿಲ್ಲ, ಹಾಗಾಗಿ ರುಜುವೂ ಇಲ್ಲ. ಅದೇ ತಿಂಗಳು ಆಗಿನ ಅಧಿಕಾರಿಗೆ ವರ್ಗವಾಯಿತು, ಮಹಜರು ಎಲ್ಲಿ ಎಂದು ಕೇಳುವವರಿಲ್ಲದೆ ಹೋಯಿತು. ಕಾಗದ ದೇವರ ಮನೆಯ ಗೂಡಿನಲ್ಲಿ ಗೆದ್ದಲು ಹಿಡಿಯಿತು.

ಭಾನುವಾರ ಸಂಘಮಿತ್ರಾ ಬಂದಾಗ ಸಣ್ಣರಂಗಯ್ಯ ಎಲ್ಲವನ್ನೂ ಹೇಳಿ, ಹೇಳಿಕೆ ಬರೆದುಕೊಡು ಅಂದರು. ಅವರ ಸ್ವಂತ ಓದು ಮೂರನೇ ಕ್ಲಾಸು, ರುಜು ಮಾತ್ರ ಗುಂಡಾಗಿ ಬರುತ್ತದೆ.

"ಇದು ಕರ್ತವ್ಯಲೋಪ ಆಗುತ್ತಪ್ಪ. ಇನ್ನು ಇಪ್ಪತ್ತೆರಡು ದಿನ ಇದೆ ನಿನಗೆ. ನಿನ್ನ ಇಡಿಗಂಟು ತಡೆ ಹಿಡಿದ್ರೆ?"

"ಹಿಡೀಲಿ. ಆಯಮ್ಮನ ಹೊಲ ಹಿಡ್ಕಂಡು ಮೂವತ್ತೊಂದು ವರ್ಷ ಆಯ್ತಲ್ಲ."

"ಅವರ ಮಾವನೇ ತಾನೇ ಬೇಡ ಅಂದಿದ್ದು? ಅವರ ಮರ್ಯಾದೆ ಕಾಯೋಕೆ ನೀನ್ಯಾಕೆ ತಪ್ಪಿತಸ್ಥ ಆಗ್ಬೇಕು?"

"ಅವ್ರು ಅಂದ್ರು. ನಾನು ಕೇಳ್ದೆ. ನೌಕರಿ ನಂದಲ್ವೇನಮ್ಮ?"

ಸಂಘಮಿತ್ರಾ ಸಿಟ್ಟಿನಲ್ಲೇ ಬರೆದು ಓದಿ ಹೇಳಿದರು: '…ಟಾಂ ಟಾಂ ಹೊಡೆಯಲು ಮರೆತಿರುತ್ತೇನೆ.'

"ಮರ್ತಿರ್ತೀನಿ ಅನ್ನೋದು ತೆಗಿ."

"ಮರೆವು ಅಂದ್ರೆ ಬಿಡ್ತಾರಪ್ಪ. ಬೇಕಂತ ಅಂದ್ರೆ ಬಿಡಲ್ಲ."

"ಮರ್ತಿದ್ರೆ ಇವತ್ತು ಹೆಂಗೆ ಹೇಳ್ತಿದ್ದೆ? ಬೇಕಂತ್ಲೇ ಹೊಡೀಲಿಲ್ಲ ಕಣಮ್ಮ. ಹಂಗೇ ಬರಿ."

ಸಂಘಮಿತ್ರಾ ಆ ಪದಕ್ಕೆ ಅಡ್ಡಗೆರೆ ಎಳೆದು ಮೇಲೆ ಹಾಗೇ ಬರೆದರು. ಸಣ್ಣರಂಗಯ್ಯ ರುಜು ಹಾಕಿದರು.

ಮರುದಿನ ಭುವನಾ ಆ ಹಾಳೆಯನ್ನು ಎರಡು ಸಲ ಓದಿದರು. ಅಡ್ಡಗೆರೆಯ ಕೆಳಗಿನ ಪದವೂ ಕಾಣುತ್ತಿತ್ತು. "ಇದನ್ನ ಹಾಕಿದ್ರೆ ಜಮೀನಿನ ಕೆಲಸ ಆಗುತ್ತೆ. ಆದರೆ ನಿಮ್ಮ ಫೈಲಿಗೂ ಒಂದು ಪ್ರತಿ ಹೋಗುತ್ತೆ" ಅಂದರು. "ಹೋಗ್ಲಿ ಬುಡಿ" ಎಂದು ಸಣ್ಣರಂಗಯ್ಯ ಸೈಕಲ್ ತೆಗೆದರು. ಅವತ್ತು ಇನ್ನೂ ಎರಡು ನೋಟೀಸು ಅಂಟಿಸುವುದಿತ್ತು.

ಸಾಲು ತೆಗೆಯಲು ಯಾರದಾದರೂ ತಕರಾರಿದೆಯೇ ಎಂದು ಆಕ್ಷೇಪಣೆಗೆ ಕೊಟ್ಟ ದಿನಗಳು ಕಳೆದು, ಇಪ್ಪತ್ತಾರನೇ ತಾರೀಕು ಗುರುವಾರ ಪಹಣಿಯ ಆ ಸಾಲು ಹೋಯಿತು. ಜಗದಾಂಬ ಹೊಸ ಪಹಣಿಯನ್ನು ಅಂದೇ ಸೋಲಾರ್‌ನವರಿಗೆ ಕೊಟ್ಟು ಬಂದರು. ಬರುತ್ತಾ ಸಣ್ಣರಂಗಯ್ಯನವರ ಮನೆಯ ಮುಂದೆ ನಿಂತು, "ನಮ್ಮಾವ್ನೋರು ಮಾಡಿದ್ದು ನಿನ್ ಮೇಲೆ ಬಂತಲ್ಲ ರಂಗಯ್ಯ" ಅಂದರು. ಒಳಗೆ ಕರೆದಾಗ ಹೋಗಿ ಕೂತು ನೀರು ಕುಡಿದರು.

ಇಡಿಗಂಟಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ವಿವರಣೆ ಕೇಳಿ ಪತ್ರ ಬಂದಿದೆ. ಬೇಸರವೇ ಎಂದರೆ ಸಣ್ಣರಂಗಯ್ಯ, "ಕೊಡ್ತಾರೆ, ಅಥವಾ ಸ್ವಲ್ಪ ಮುರ್ಕಂಡು ಕೊಡ್ತಾರೆ" ಅನ್ನುತ್ತಾರೆ. ಅವರದು ಒಂದೇ ಕೇಳಿಕೆ, ಅದನ್ನು ಭುವನಾ ಅವರಿಗೆ ಹೇಳಿಯೂ ಇದ್ದಾರೆ.

"ನನ್ ಜಾಗಕ್ಕೆ ಬರೋರ್ಗೆ ಒಂದ್ ಮಾತು ಹೇಳಿ ಮೇಡಂ. ಜಪ್ತಿಗೆ ಮೆಲ್ಲಗೆ ಹೊಡೆದ್ರೂ ನಡೀತದೆ. ಬಿಡುಗಡೆಗೆ ಮಾತ್ರ ಯಾರ್ ಬ್ಯಾಡ ಅಂದ್ರೂ ಜೋರಾಗಿ ಹೊಡೀಲಿ."

ಇಷ್ಟು ಹೇಳಿ, ಕಚೇರಿಯ ಬೀಗದ ಕೈ ಮೇಜಿನ ಮೇಲಿಟ್ಟು, ನಲವತ್ತು ವರ್ಷದ ಕೆಲಸ ಬಿಟ್ಟು ಸಣ್ಣರಂಗಯ್ಯ ಹೊರಟದ್ದು ಜೂನ್ ಮೂವತ್ತು, ಸೋಮವಾರ.